ಅತ್ತಿಗೆಯ ಸುಸ್ತಿಗೆ ಎರಡು ಬಾಟಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಯಾವುದನ್ನೂ ಬೇಗ ನಂಬುವವಳಲ್ಲ. ಇದು ಹೆಮ್ಮೆಯ ಮಾತಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈ ತುರಿಸುತ್ತದೆ. ನನಗೆ ಯಾರಾದರೂ ಖಂಡಿತವಾಗಿ ಮಾತಾಡಿದರೆ ತುರಿಸುತ್ತದೆ, ಅಷ್ಟೆ. ಮುಂಬಯಿಯ ಪಾರ್ಲೆ ಸ್ಟೇಷನ್ನಿನ ಇಂಡಿಕೇಟರಿನಲ್ಲಿ ಸ್ಲೋ ಗಾಡಿ ಎಂದು ಕಾಣುತ್ತಿದ್ದರೂ ಪಕ್ಕದವರನ್ನು ಒಮ್ಮೆ ಕೇಳುತ್ತೇನೆ. ಅವರು ಹೌದೆಂದರೆ, ಇವರಿಗೆ ಹೇಗೆ ಗೊತ್ತಿರಬಹುದು ಎಂದು ಯೋಚಿಸುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ಗಾಡಿ ಹೊರಟುಹೋಗಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮೇಲೆ ಈ ತುರಿಕೆಗೆ ಯೂನಿವರ್ಸಿಟಿಯ ಮೊಹರೂ ಬಿತ್ತು. ಎರಡು ವರ್ಷದ ಹಿಂದೆ ಮಾಟುಂಗದ ನೆಂಟರೊಬ್ಬರು ನನಗೊಂದು ಸಂಬಂಧ ತಂದು, ಹುಡುಗ ತುಂಬಾ ಒಳ್ಳೆಯವನು ಎಂದಾಗ, ಎಷ್ಟು ಜನರನ್ನು ವಿಚಾರಿಸಿ ಹೇಳುತ್ತಿದ್ದೀರಿ ಎಂದು ನಾನು ಬಹಳ ಮರ್ಯಾದೆಯಿಂದಲೇ ಕೇಳಿದೆ. ಅವರು ಕಾಫಿ ಪೂರ್ತಿ ಕುಡಿಯದೆ ಎದ್ದರು. ಸಂಬಂಧ ಅಲ್ಲಿಗೇ ನಿಂತಿತು. ಆ ಹುಡುಗ ಒಳ್ಳೆಯವನೇ ಇದ್ದಿರಬಹುದು, ನಾನು ಇಲ್ಲವೆಂದಿಲ್ಲ.

ಇಂಥವಳಿಗೆ ಸಿಕ್ಕಿದ ಕೆಲಸವೂ ಹಾಗೆಯೇ ಇದೆ. ಅಂಧೇರಿಯಲ್ಲಿ ಔಷಧಿ ತಯಾರಿಸುವ ಒಂದು ಕಂಪನಿಯ ಆಫೀಸಿನಲ್ಲಿ ಕೂತು, ಹೊರದೇಶಗಳಿಂದ ಬರುವ ವೈದ್ಯಕೀಯ ಪತ್ರಿಕೆಗಳನ್ನು ಓದಿ, ಒಂದೊಂದು ಲೇಖನದ ಸಾರಾಂಶವನ್ನು ಅಂಗೈಯಗಲದ ಕಾರ್ಡಿನ ಮೇಲೆ ಬರೆದು ಡ್ರಾವರಿನಲ್ಲಿ ಜೋಡಿಸುತ್ತೇನೆ. ಆ ಕಾರ್ಡುಗಳನ್ನು ಇದುವರೆಗೆ ಯಾರೂ ತೆಗೆದು ಓದಿದ್ದನ್ನು ನಾನು ನೋಡಿಲ್ಲ. ಆದರೆ ನನಗಂತೂ ಇದರಿಂದ ವಿದ್ಯಾಭ್ಯಾಸ ಮುಂದುವರಿಯಿತು. ಹತ್ತು ಪುಟದ ಲೇಖನದ ಮೊದಲ ಪುಟದಲ್ಲಿ ಸಿಂಹದಂತೆ ಹೊರಟ ಸಿದ್ಧಾಂತ ಕೊನೆಯ ಪುಟ ಮುಟ್ಟುವಾಗ ಬೆಕ್ಕಿನ ಮರಿಯಾಗಿ, 'ಈ ಬಗ್ಗೆ ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕು' ಎಂದು ಮೂಲೆಯಲ್ಲಿ ಮುದುರಿಕೊಳ್ಳುವುದನ್ನು ನೋಡಿ ನೋಡಿ ನನಗೆ 'ಬಹುಶಃ' ಎಂಬ ಪದದ ಮೇಲೆ ಪ್ರೀತಿ ಹುಟ್ಟಿತು. ಮನೆಯಲ್ಲಿ ಊಟಕ್ಕೆ ಕರೆದರೂ ಬಹುಶಃ ಹಸಿವಿದೆ ಎನ್ನುವ ಮಟ್ಟಕ್ಕೆ ಬಂದಿದ್ದೆ. ನನ್ನ ಅತ್ತಿಗೆ ಸುಸ್ತಾಗಿ ಮಲಗಿದ್ದು ಇಂಥ ಹೊತ್ತಿನಲ್ಲಿ.

ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ನಾವು ನಾಲ್ವರಿದ್ದೇವೆ: ಅಮ್ಮ, ಅಣ್ಣ, ಅತ್ತಿಗೆ, ನಾನು. ಅತ್ತಿಗೆ ಸುಮತಿ ಮಾಟುಂಗದ ಕನ್ನಡ ಶಾಲೆಯಲ್ಲಿ ಟೀಚರು. ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ನಡುವೆ ಗಾಡಿಯ ಟೈಮು ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಜಗಳವೇನಲ್ಲ, ನನ್ನ ಸ್ವಭಾವವೇ ಹಾಗೆ. ಒಬ್ಬರ ಮೈ ಮನಸ್ಸಿನ ವಿಷಯ ಕೇಳುವುದೆಂದರೆ ಅವರ ಟ್ರಂಕಿನ ಬೀಗ ತೆಗೆದಂತೆ ಎಂದು ನನಗೆ ಅನಿಸುತ್ತದೆ. ಆ ಮಳೆಗಾಲದಲ್ಲಿ ಬಿಲ್ಡಿಂಗಿಗೆಲ್ಲ ಒಂದು ಜ್ವರ ಬಂತು. ಎಲ್ಲರೂ ಒಂದು ವಾರ ಮಲಗಿ ಎದ್ದರು. ಅತ್ತಿಗೆಯ ಜ್ವರವೂ ಎಲ್ಲರ ಜ್ವರದ ಹಾಗೆ ಬಂದು ಹೋಯಿತು. ಹೋಗುವಾಗ ಸುಸ್ತನ್ನು ಮಾತ್ರ ನಮ್ಮ ಮನೆಯಲ್ಲೇ ಮರೆತು ಹೋಯಿತು. ತಲೆ ಬಾಚಲು ಕೂತರೆ ಒಂದು ಸಲ ಬಾಚಿ, ಕೈ ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಸಲ ಬಾಚಲು ಧೈರ್ಯ ತಂದುಕೊಳ್ಳುತ್ತಿದ್ದಳು. ಒಂದು ತಿಂಗಳಾಯಿತು, ಎರಡಾಯಿತು, ಮೂರನೆಯದೂ ಮುಗಿಯುತ್ತ ಬಂತು.

ಒಬ್ಬರು ಮಲಗಿದರೆ ಸುತ್ತಲಿನವರೆಲ್ಲ ವಿಜ್ಞಾನಿಗಳಾಗಿ ಏಳುತ್ತಾರೆ. ಅಮ್ಮನ ಪ್ರಕಾರ ಇದಕ್ಕೆಲ್ಲ ಕಾರಣ ಬಾಟಲಿ ಹಾಲು. ಮಿಷನ್ನಿನಲ್ಲಿ ಕುದಿಸಿ ಬಾಟಲಿಗೆ ತುಂಬುವಾಗ ಹಾಲಿನ ಸತ್ವ ಮಿಷನ್ನಿಗೇ ಹೋಗುತ್ತದೆ ಎಂದು ಅವಳ ವಾದ. ಬಿಲ್ಡಿಂಗಿನವರೆಲ್ಲ ಅದೇ ಬೂತಿನ ಹಾಲು ಕುಡಿಯುತ್ತಾರಲ್ಲ, ಅವರಿಗೇಕೆ ಸುಸ್ತಿಲ್ಲ ಎಂದು ಕೇಳಿದೆ. "ಅವರಿಗೆ ಊರಿನಿಂದ ತಂದ ಶಕ್ತಿ ಇನ್ನೂ ಸ್ವಲ್ಪ ಉಳಿದುಂಟು" ಎಂದಳು. ಇಂಥ ಸಿದ್ಧಾಂತವನ್ನು ಯಾವ ಪುರಾವೆಯಿಂದಲೂ ಅಲುಗಾಡಿಸಲು ಆಗುವುದಿಲ್ಲ. ಹಾಗಾಗಿ ಇದು ವಿಜ್ಞಾನವಲ್ಲ ಎಂದೆ. ಸಾರು ಕೂಡ ವಿಜ್ಞಾನವಲ್ಲ, ದಿನಾ ಎರಡು ಸೌಟು ಸುರಿದುಕೊಳ್ಳುತ್ತೀಯಲ್ಲ ಎಂದಳು. ಸಾರಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಮಧ್ಯಾಹ್ನದ ಸಾರು, ಹುಳಿ, ನಿನ್ನೆಯ ತೊವ್ವೆ, ಏನು ಉಳಿದಿದ್ದರೂ ಸಂಜೆ ಎಲ್ಲವನ್ನೂ ಒಂದೇ ಪಾತ್ರೆಗೆ ಸೇರಿಸಿ ಕೊತಕೊತ ಕುದಿಸಿಡುವುದು ಅಮ್ಮನ ಪದ್ಧತಿ. ಕುದಿಸಿದ್ದು ಕೆಡುವುದಿಲ್ಲ ಎಂಬ ಒಂದೇ ಒಂದು ನಿಯಮದ ಮೇಲೆ ಅವಳ ಅಡುಗೆಮನೆ ನಿಂತಿದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಅಣ್ಣನದು ಬೇರೆಯದೇ ಸಿದ್ಧಾಂತ. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ, ಇಂಗ್ಲಿಷ್ ಮಾಸಪತ್ರಿಕೆಗಳನ್ನು ಓದುವವನು. ಎಲ್ಲವೂ ಮನಸ್ಸಿನಲ್ಲಿದೆ ಎಂದು ಎಲ್ಲಿಯೋ ಓದಿ ಬಂದು, ಈಸಿಚೇರಿನಲ್ಲಿ ಒರಗಿ, ಮನಸ್ಸು ಮಾಡಿದರೆ ಮನುಷ್ಯ ಬೆಟ್ಟ ಹತ್ತಬಹುದು ಎಂದು ಅತ್ತಿಗೆಗೆ ಉಪದೇಶ ಮಾಡಿದ. ಉಪದೇಶದ ನಡುವೆ ಬಾಯಾರಿ, ಒಂದು ಲೋಟ ನೀರು ತಂದುಕೊಡು ಎಂದು ನನಗೆ ಹೇಳಿದ. ಮಾಟುಂಗದಲ್ಲಿ ಹೋಟೆಲು ನಡೆಸುವ ಶೀನಮಾವ, ಅಮ್ಮನ ತಮ್ಮ, ಒಂದು ಭಾನುವಾರ ಹುರುಳಿಸಾರಿನ ಡಬ್ಬಿ ಹಿಡಿದುಕೊಂಡೇ ಬಂದರು. ತಮ್ಮ ಹೋಟೆಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಯಾರಿಗೂ ಸುಸ್ತಿಲ್ಲ, ಎಲ್ಲರೂ ಹುರುಳಿಸಾರು ತಿನ್ನುವವರು ಎಂದರು. ಸುಸ್ತಾದವರು ಕೆಲಸ ಬಿಟ್ಟು ಹೋಗಿರುತ್ತಾರಲ್ಲ ಮಾವ, ಉಳಿದವರನ್ನು ಮಾತ್ರ ಎಣಿಸಿದರೆ ಹೇಗೆ ಎಂದು ನಾನು ಕೇಳಿದೆ. ಮಾವ ಡಬ್ಬಿಯ ಮುಚ್ಚಳ ತೆಗೆಯುತ್ತ ಅಮ್ಮನಿಗೆ, "ಅಕ್ಕ, ಇವಳನ್ನು ಯಾಕೆ ಓದಿಸಿದ್ದು ನೀನು?" ಎಂದರು.

ನನಗೆ ಆ ದಿನಗಳಲ್ಲಿ ಎಲ್ಲಿಲ್ಲದ ಹುರುಪು. ನಾಚಿಕೆಯಾದರೂ ನಿಜ ಹೇಳುತ್ತೇನೆ: ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದಿದ್ದಾರೆ, ನಾನು ದಿನಕ್ಕೊಂದು ಸಿದ್ಧಾಂತವನ್ನು ಹೊಡೆದುರುಳಿಸಿ ಗೆಲುವಿನಿಂದ ಓಡಾಡುತ್ತಿದ್ದೇನೆ. ಹಾಲು ಹೋಯಿತು, ಮನಸ್ಸು ಹೋಯಿತು, ಹುರುಳಿ ಹೋಯಿತು. ಸುಸ್ತು ಮಾತ್ರ ಹೋಗಲಿಲ್ಲ.

ಸ್ಟೇಷನ್ ರೋಡಿನ ನಮ್ಮ ಡಾಕ್ಟರು ಕುಂದಾಪುರದ ಕಡೆಯವರು, ವಯಸ್ಸಾದವರು, ಪ್ರಾಮಾಣಿಕರು. ಎರಡೆರಡು ಸಲ ಪರೀಕ್ಷೆ ಮಾಡಿಸಿದರು. ರಕ್ತ ಸರಿ ಇದೆ, ಮೂತ್ರ ಸರಿ ಇದೆ, ಎದೆಯ ಫೋಟೋ ಕೂಡ ಚೆನ್ನಾಗಿ ಬಂದಿದೆ ಎಂದು ಕಾಗದಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿ, "ಇವರಿಗೆ ಎಂತದೂ ಇಲ್ಲ" ಎಂದು ಘೋಷಿಸಿದರು. ಅತ್ತಿಗೆ ಕುರ್ಚಿಯ ಕೈ ಹಿಡಿದುಕೊಂಡು, "ಹಾಗಾದರೆ ಮೆಟ್ಟಲು ಇಳಿಯುವಾಗ ಮೂರು ಸಲ ಕೂತದ್ದು ಯಾರು ಡಾಕ್ಟ್ರೇ?" ಎಂದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಇದು ಹೀಗೆಯೇ ಇನ್ನೊಂದಷ್ಟು ದಿನ ಸಾಗುತ್ತಿತ್ತೇನೋ, ಅಷ್ಟರಲ್ಲಿ ಶಾಲೆಯಿಂದ ಪತ್ರ ಬಂತು. ರೋಗದ ಹೆಸರಿಲ್ಲದ ಸರ್ಟಿಫಿಕೇಟನ್ನು ಆಡಳಿತ ಮಂಡಳಿ ಇನ್ನು ಒಪ್ಪುವುದಿಲ್ಲ. ತಿಂಗಳ ಕೊನೆಯೊಳಗೆ ರೋಗವನ್ನು ಸ್ಪಷ್ಟವಾಗಿ ನಮೂದಿಸಿದ ಸರ್ಟಿಫಿಕೇಟು ಕೊಡಬೇಕು, ಇಲ್ಲವೇ ಶಾಲೆ ಬೇರೆ ಟೀಚರನ್ನು ನೋಡಿಕೊಳ್ಳುತ್ತದೆ ಎಂದಿತ್ತು. ಅತ್ತಿಗೆ ಅದನ್ನು ಓದಿ, ಮಡಿಸಿ, ದಿಂಬಿನ ಕೆಳಗಿಟ್ಟಳು. ಅವಳು ಮದುವೆಗೆ ಒಪ್ಪುವಾಗ ಹಾಕಿದ ಒಂದೇ ಒಂದು ಷರತ್ತು ಈ ಕೆಲಸ ಬಿಡುವುದಿಲ್ಲ ಎಂಬುದಾಗಿತ್ತು. ನಾಲ್ಕನೇ ಕ್ಲಾಸಿನ ಮೂವತ್ತೆಂಟು ಮಕ್ಕಳ ಹೆಸರನ್ನು ಹಾಜರಿ ಪುಸ್ತಕವಿಲ್ಲದೆ ಹೇಳುವವಳು. ಮಲಗಿದ್ದಲ್ಲೂ ಸುಮ್ಮನಿರಲಾರದೆ ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ನಮ್ಮ ಬಿಲ್ಡಿಂಗಿನ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಹೇಳಿಕೊಡುತ್ತಿದ್ದಳು. "ಟೀಚರ್, ಮೈ ನಾಳೆ ನಹೀ ಬರ್ತೀನಿ" ಎನ್ನುವಂಥ ಮಕ್ಕಳು. ಅವರ ಕನ್ನಡ ಕೇಳಿದರೆ ಆರೋಗ್ಯವಂತರಿಗೇ ಸುಸ್ತಾಗಬೇಕು.

ಹೆಸರು ತಾನೇ ಬೇಕಾದ್ದು, ನಾನು ಹುಡುಕಿ ಕೊಡುತ್ತೇನೆ ಎಂದು ಆಫೀಸಿಗೆ ಹೋಗಿ ನನ್ನದೇ ಡ್ರಾವರುಗಳನ್ನು ತೆರೆದೆ. ಕಾರ್ಡು ಬರೆದವಳೇ ಅದನ್ನು ಮೊದಲು ಓದಬೇಕಾಗಿ ಬಂದಿದ್ದು ಒಂದು ತಮಾಷೆ. ಹೆಸರುಗಳಿಗೇನೂ ಬರವಿರಲಿಲ್ಲ. ಒಂದು ಪಂಥದವರು ಇದು ನರಗಳ ಊತ ಎನ್ನುತ್ತಿದ್ದರು. ಊತ ಕಂಡಿರಾ ಎಂದರೆ ಇಲ್ಲ, ಇರಲೇಬೇಕು ಎನ್ನುತ್ತಿದ್ದರು. ಇನ್ನೊಂದು ಪಂಥದವರು ಬಹಳ ಬುದ್ಧಿವಂತರು. ಹೀಗೆ ಸುಸ್ತೆಂದು ಹೇಳುವವರಲ್ಲಿ ಹೆಚ್ಚಿನವರು ಹೆಂಗಸರು, ಆದ್ದರಿಂದ ಇದು ಕಲ್ಪನೆ ಎನ್ನುತ್ತಿದ್ದರು. 'ಆದ್ದರಿಂದ' ಎಂಬ ಆ ಒಂದು ಪದ ಎಷ್ಟು ದೊಡ್ಡ ಹೊಳೆಯನ್ನು ಒಂದೇ ನೆಗೆತಕ್ಕೆ ಹಾರಿದೆ ನೋಡಿ. ಸಂಜೆ ಆರರ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಅರ್ಧ ಸೋಸಿದ ಮೆಂತೆಸೊಪ್ಪು ಹಿಡಿದು ನಿಂತಲ್ಲೇ ತೂಕಡಿಸುವವರೆಲ್ಲ ಕಲ್ಪನೆಯ ಬಲದಿಂದಲೇ ನಿಂತಿರುತ್ತಾರೆಂದು ಆಗ ನನಗೆ ಹೊಳೆಯಿತು. ಎಲ್ಲಕ್ಕಿಂತ ಚೆಂದದ ಹೆಸರೆಂದರೆ 'ಪೋಸ್ಟ್-ಫೆಬ್ರೈಲ್ ನ್ಯೂರೋಮಸ್ಕ್ಯುಲರ್ ಅಸ್ತೇನಿಯಾ'. ಬಿಡಿಸಿ ನೋಡಿದೆ: ಜ್ವರ ಬಂದು ಹೋದ ಮೇಲೆ, ನರದಲ್ಲೋ ಮಾಂಸದಲ್ಲೋ ತಿಳಿಯದು, ಬಲವಿಲ್ಲ. ಅಂದರೆ ಅತ್ತಿಗೆ ಮೊದಲನೇ ದಿನ ಡಾಕ್ಟರಿಗೆ ಹೇಳಿದ ವಾಕ್ಯವನ್ನೇ ಕೋಟು ಟೈ ಹಾಕಿಸಿ ಅವಳಿಗೆ ವಾಪಸು ಕೊಡುವುದು. ನಾನು ಡ್ರಾವರು ಮುಚ್ಚಿ, ಆಫೀಸಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ನಮ್ಮ ಸಾಹೇಬರು ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು.

ಸಾಹೇಬರಿಗೂ ಒಂದು ಸಿದ್ಧಾಂತವಿತ್ತು. ಅದು ಕಂದು ಬಾಟಲಿಯಲ್ಲಿತ್ತು. ಸುಸ್ತಿಗೆಂದು ನಮ್ಮ ಕಂಪನಿ ಹೊಸದಾಗಿ ತಯಾರಿಸುತ್ತಿದ್ದ ಟಾನಿಕ್ಕಿನ ಒಂದು ಸ್ಯಾಂಪಲ್ಲನ್ನು ಅತ್ತಿಗೆಗೆ ಕೊಡಲು ಹೇಳಿದರು. ಇದರಿಂದ ಗುಣವಾಗುತ್ತದೆ ಎನ್ನುವುದಕ್ಕೆ ಏನು ಆಧಾರ ಎಂದು ನಾನು ಕೇಳಲಿಲ್ಲ, ಕೆಲಸ ಬೇಕಲ್ಲ. ಆದರೆ ಒಂದು ಖಾಲಿ ಬಾಟಲಿಯನ್ನೂ ಕೇಳಿ ತಂದೆ. ನಿಜವಾದ ಸಂಶೋಧನೆ ಎಂದರೆ ಹೇಗಿರುತ್ತದೆಂದು ಜಗತ್ತಿಗೆ ತೋರಿಸುವ ಹೊತ್ತು ಬಂದಿತ್ತು.

ಮನೆಗೆ ಹೋಗುವಾಗ ಬಿಲ್ಡಿಂಗಿನ ಕೆಳಗಿನ ದರ್ಜಿ ಇಮಾಮಸಾಬರು ಕರೆದರು. ಗದಗಿನ ಕಡೆಯವರು, ಅವರ ಮಿಷನ್ನಿನ ಸದ್ದಿಲ್ಲದೆ ನಮ್ಮ ಬಿಲ್ಡಿಂಗಿಗೆ ಬೆಳಗಾಗುವುದಿಲ್ಲ. ಅತ್ತಿಗೆಯ ಎರಡು ರವಿಕೆಗಳನ್ನು ಒಳಗೆ ಹಿಡಿದು ಹೊಲಿದಿದ್ದರು. "ಯವ್ವಾ, ನಿಮ್ಮ ವೈನೀದು ಎರಡ ಬೆರಳ ಕಡಿಮಿ ಆಗೇತಿ" ಎಂದು ಅಳತೆಯ ಪುಸ್ತಕ ತೋರಿಸಿದರು. ಏಕಿರಬಹುದು ಎಂದೆ. "ನನಗೇನ ಗೊತ್ತ? ಅಂಗಿ ಬಿಗಿ ಆಗೇತಿ ಅಂತ ಯಾರರ ಬಂದ್ರ, ಎಲ್ಲಿ ಬಿಗಿ, ಯಾವಾಗ ಬಿಗಿ ಅಂತ ಮೊದಲ ಅವರನ್ನ ಕೇಳತೇನಿ. ಆಮ್ಯಾಲೆ ಕತ್ರಿ ಹಿಡೀತೇನಿ. ನೀವು ಅವರನ್ನ ಕೇಳೀರೇನು?" ಎಂದರು. ನಾನು ನಕ್ಕು ರವಿಕೆ ತೆಗೆದುಕೊಂಡು ಮೆಟ್ಟಲು ಹತ್ತಿದೆ. ಪಾಪ, ಸಂಖ್ಯಾಶಾಸ್ತ್ರ ಓದಿದವರಲ್ಲ ಎಂದುಕೊಂಡೆ.

ಪ್ರಯೋಗ ಹೀಗೆ. ಒಂದು ಬಾಟಲಿಯಲ್ಲಿ ಟಾನಿಕ್ಕು. ಅದೇ ಬಗೆಯ ಇನ್ನೊಂದರಲ್ಲಿ ಬೆಲ್ಲದ ನೀರಿಗೆ ಚೂರು ಕಿರಾತಕಡ್ಡಿಯ ಕಷಾಯ ಬೆರೆಸಿ, ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಕಹಿ. ಒಂದಕ್ಕೆ 'ಅ' ಎಂದೂ ಇನ್ನೊಂದಕ್ಕೆ 'ಆ' ಎಂದೂ ಚೀಟಿ. ಯಾವುದರಲ್ಲಿ ಏನಿದೆಯೆಂದು ಅತ್ತಿಗೆಗೂ ತಿಳಿಯಬಾರದು, ನನಗೂ ತಿಳಿಯಬಾರದು. ಆದ್ದರಿಂದ ತುಂಬಿಸುವ ಕೆಲಸವನ್ನು ಅಣ್ಣನಿಗೆ ಒಪ್ಪಿಸಿದೆ. ಅವನು ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತ ತುಂಬಿಸಿ, ಗುಟ್ಟನ್ನು ಒಂದು ಚೀಟಿಯಲ್ಲಿ ಬರೆದು, ನನ್ನ ಲಾಗರಿದಮ್ ಪುಸ್ತಕದಲ್ಲಿಟ್ಟ. ನಮ್ಮ ಮನೆಯಲ್ಲಿ ಅದಕ್ಕಿಂತ ಭದ್ರವಾದ ತಿಜೋರಿ ಇಲ್ಲ. ಯಾವ ದಿನ ಯಾವ ಬಾಟಲಿ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕೆಂದು ಶಾಸ್ತ್ರ ಹೇಳುತ್ತದೆ. ನಾನು ನಾಣ್ಯ ಕೈಗೆತ್ತಿಕೊಂಡದ್ದೇ ತಡ, ಅಮ್ಮ, "ಮದ್ದು ಕೊಡುವುದಾ, ಜೂಜಾಡುವುದಾ?" ಎಂದು ಅದನ್ನು ಕಿತ್ತುಕೊಂಡು ಹೋಗಿ ದೇವರ ಮುಂದಿಟ್ಟಳು. ಸರಿ, ಸೋಮ, ಬುಧ, ಶುಕ್ರ 'ಅ'. ಮಂಗಳ, ಗುರು, ಶನಿ 'ಆ'. ಭಾನುವಾರ ರಜೆ ಎಂದು ಸುಲಭದ ದಾರಿ ಹಿಡಿದೆ. ಪ್ರತಿ ಸಂಜೆ ಅತ್ತಿಗೆ ತನ್ನ ಶಕ್ತಿಗೆ ಹತ್ತರಲ್ಲಿ ಇಷ್ಟು ಎಂದು ಮಾರ್ಕು ಹಾಕಬೇಕು. ಟೀಚರಾದ್ದರಿಂದ ಅವಳು ಅದನ್ನು ಕೆಂಪು ಪೆನ್ಸಿಲಿನಲ್ಲಿ, ಅರ್ಧ ಮಾರ್ಕಿನವರೆಗೆ ಲೆಕ್ಕ ಹಾಕಿ, ಬಹಳ ಬಿಗಿಯಾಗಿ ಕೊಡುತ್ತಿದ್ದಳು.

ಆ ಮೂರು ವಾರ ನಾನು ಆಫೀಸಿನಿಂದ ನಡೆದುಕೊಂಡು ಬರಲಿಲ್ಲ, ತೇಲಿಕೊಂಡು ಬಂದೆ. ಬಂದವಳು ಕೈಕಾಲು ತೊಳೆದು, ಅತ್ತಿಗೆಯ ಪಕ್ಕ ಚಾಪೆ ಹಾಕಿ ಕೂತು, ಇವತ್ತು ಹೇಗಿತ್ತು, ಬೆಳಿಗ್ಗೆ ಹೇಗೆ, ಊಟವಾದ ಮೇಲೆ ಹೇಗೆ, ಕಾಲು ಸೋಲುತ್ತಿತ್ತೋ ತಲೆಯೋ ಎಂದು ಕೇಳಿ ಕಾರ್ಡಿನ ಮೇಲೆ ಬರೆದುಕೊಳ್ಳುತ್ತಿದ್ದೆ. ಸೋಮವಾರ ಆರು. ಮಂಗಳವಾರ ಎರಡೂವರೆ. ಬುಧವಾರ ಐದೂವರೆ. ಗುರುವಾರ ಮೂರು. ಎರಡನೇ ವಾರವೂ ಹಾಗೆಯೇ, ಮೂರನೆಯದೂ ಹಾಗೆಯೇ. ನನ್ನ ಜನ್ಮದಲ್ಲಿ ಇಷ್ಟು ಸುಂದರವಾದ ಅಂಕಿಗಳನ್ನು ನೋಡಿರಲಿಲ್ಲ. ಲೆಕ್ಕ ಮಾಡಿ ನೋಡಿದರೆ ಇದು ಆಕಸ್ಮಿಕವಾಗಿರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 'ಅ' ಬಾಟಲಿ ಸುಸ್ತಿಗೆ ಮದ್ದು. ನಾನು 'ಬಹುಶಃ' ಎನ್ನುವುದನ್ನೇ ಮರೆತೆ. ಅಂಧೇರಿಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತಾಗ, ನನ್ನ ಹೆಸರಿನಲ್ಲೂ ಯಾರೋ ದೂರದೇಶದಲ್ಲಿ ಕಾರ್ಡು ಬರೆಯುತ್ತಿರುವಂತೆ ಕಾಣುತ್ತಿತ್ತು.

ಮೂರನೇ ಭಾನುವಾರ ಬೆಳಿಗ್ಗೆ ಗುಟ್ಟು ಒಡೆಯುವ ಸಮಾರಂಭ. ತಿಂಗಳ ಕೊನೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಅಣ್ಣ ಈಸಿಚೇರಿನಲ್ಲಿ, ಅತ್ತಿಗೆ ಗೋಡೆಗೊರಗಿ, ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ತೊಂಡೆಕಾಯಿ ಹೆಚ್ಚುತ್ತ. ಶೀನಮಾವನೂ ಬಂದಿದ್ದರು, ಹುರುಳಿಯ ಮರ್ಯಾದೆ ಉಳಿಸಲು. ನಾನು ಲಾಗರಿದಮ್ ಪುಸ್ತಕದಿಂದ ಚೀಟಿ ತೆಗೆದು ಓದಿದೆ: 'ಅ' ಎಂದರೆ ಬೆಲ್ಲದ ನೀರು. ನಾನು ಕುಣಿಯುವುದೊಂದು ಬಾಕಿ. ಟಾನಿಕ್ಕು ಸುಳ್ಳು, ಬೆಲ್ಲ ನಿಜ. ಸಾಹೇಬರಿಗೆ ಹೇಗೆ ಹೇಳಲಿ, ಯಾವ ಪತ್ರಿಕೆಗೆ ಬರೆಯಲಿ, ಕಿರಾತಕಡ್ಡಿಗೆ ಎಷ್ಟು ಪಾಲು ಕೊಡಲಿ ಎಂದು ಒಂದೇ ಉಸಿರಿಗೆ ಹೇಳತೊಡಗಿದೆ. ಅಣ್ಣ, ಎಲ್ಲ ಮನಸ್ಸು ಎಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ಎದ್ದು ಕೂತ. ಮೂರು ತಿಂಗಳಲ್ಲಿ ಅವನು ತಾನಾಗಿ ಎದ್ದು ಕೂತದ್ದು ಅದೇ ಮೊದಲು.

ಅಮ್ಮ ತೊಂಡೆಕಾಯಿಯಿಂದ ತಲೆಯೆತ್ತದೆ, "ಅದು ಎರಡೂ ಒಂದೇ ಅಲ್ವಾ ಈಗ?" ಎಂದಳು.

ಏನೆಂದು ಕೇಳಿದೆ. ಅವಳು ಬಹಳ ಸಹಜವಾಗಿ ವಿವರಿಸಿದಳು. ಎರಡನೇ ದಿನ ಸಂಜೆ ಅಡುಗೆಮನೆಯ ಶೆಲ್ಫಿನಲ್ಲಿ ಟಪ್ ಎಂದು ಸದ್ದಾಯಿತಂತೆ. ನೋಡಿದರೆ 'ಅ' ಬಾಟಲಿಯ ಬಿರಡೆ ಹಾರಿ ಉಪ್ಪಿನ ಭರಣಿಯಲ್ಲಿ ಬಿದ್ದಿದೆ, ಬಾಟಲಿಯ ಬಾಯಲ್ಲಿ ನೊರೆ. ಬೆಲ್ಲದ ನೀರು ಮುಂಬಯಿಯ ಸೆಕೆಗೆ ಹುಳಿ ಬಂದಿತ್ತು. "ಮದ್ದು ಹಾಳಾಗುವುದು ಬೇಡ ಅಂತ ಎರಡನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ ಚಂದ ಕುದಿಸಿದೆ. ತಣಿದ ಮೇಲೆ ಎರಡು ಬಾಟ್ಲಿಗೂ ಸಮಾ ಮಾಡಿ ತುಂಬಿಸಿ ಇಟ್ಟೆ. ಆಮೇಲೆ ಒಂದು ಹನಿ ಕೆಟ್ಟಿತಾ ಹೇಳು?" ಕೆಡಲಿಲ್ಲ. ಕೆಟ್ಟಿದ್ದು ನನ್ನ ಸಂಶೋಧನೆ ಮಾತ್ರ. ಮೂರು ವಾರ ನಾನು ಒಂದೇ ಕಷಾಯವನ್ನು ಅದೇ ಕಷಾಯದೊಂದಿಗೆ ಹೋಲಿಸಿ, ಎರಡರ ನಡುವೆ ಅಜಗಜಾಂತರ ಕಂಡುಹಿಡಿದಿದ್ದೆ. ಊತ ಕಾಣದಿದ್ದರೂ ಇರಲೇಬೇಕು ಎಂದವರ ಪಂಥಕ್ಕೆ ಅಧ್ಯಕ್ಷಳಾಗುವ ಯೋಗ್ಯತೆ ನನಗಿತ್ತು. ಶೀನಮಾವ ನಗು ತಡೆಯಲಾರದೆ ಬಾಲ್ಕನಿಗೆ ಹೋದರು. ಅಲ್ಲಿಂದ ಕೆಮ್ಮಿನಂಥ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ನಾನು ಕಾರ್ಡುಗಳನ್ನು ಹರಿಯಲು ಕೂತೆ. ಅತ್ತಿಗೆ ಕೈ ಚಾಚಿ ತೆಗೆದುಕೊಂಡು ದಿಂಬಿನ ಕೆಳಗೆ ಸೇರಿಸಿದಳು. ಅಮ್ಮ ಕುದಿಸುವಾಗ ತಾನು ಗಾಳಿಗೆಂದು ಅಲ್ಲೇ ಹೊಸ್ತಿಲಲ್ಲಿ ಮಲಗಿದ್ದೆ, ಎಲ್ಲ ನೋಡಿದೆ ಎಂದಳು. ನನಗೆ ಸಿಟ್ಟು ಬಂತು. ಮತ್ತೇಕೆ ಹೇಳಲಿಲ್ಲ, ಮೂರು ವಾರ ನನ್ನನ್ನು ಕುಣಿಸಿದ್ದೇಕೆ ಎಂದು ಕೇಳಿದೆ.

"ನೀನು ದಿನಾ ಬಂದು ಹತ್ತಿರ ಕೂತು ಇವತ್ತು ಹೇಗಿತ್ತು ಅಂತ ಕೇಳುತ್ತಿದ್ದೆಯಲ್ಲ ನಳಿನಿ" ಎಂದಳು. "ಈ ಮೂರು ತಿಂಗಳಲ್ಲಿ ಎಲ್ಲರೂ ಯಾಕೆ ಸುಸ್ತು ಅಂತ ಹೇಳಿದರು. ಹೇಗುಂಟು ಅಂತ ಯಾರೂ ಕೇಳಲಿಲ್ಲ. ಬಾಟ್ಲಿ ಒಂದೇ ಅಂತ ಹೇಳಿದರೆ ನೀನೂ ಕೇಳುವುದು ನಿಲ್ಲಿಸುತ್ತಿದ್ದೆ."

ನನ್ನ ಹತ್ತಿರ ಇದಕ್ಕೆ ಆಕ್ಷೇಪಣೆ ಇರಲಿಲ್ಲ. ಅಪರೂಪದ ಅನುಭವ. ಆದರೂ, ಮಾರ್ಕು ಸುಮ್ಮನೆ ಹಾಕಿದ್ದೋ ಎಂದು ಕೇಳಿದೆ. ಅವಳಿಗೆ ಅವಮಾನವಾಯಿತು. ತಾನು ಯಾರಿಗೂ ಸುಮ್ಮನೆ ಮಾರ್ಕು ಹಾಕಿದವಳಲ್ಲ ಎಂದಳು. ಹಾಗಾದರೆ ಸೋಮವಾರ ಆರು, ಮಂಗಳವಾರ ಎರಡೂವರೆ ಹೇಗೆ? "ಸೋಮವಾರ ಮಕ್ಕಳು ಬರುತ್ತಾರಲ್ಲ. ಅವತ್ತು ಆಗುತ್ತದೆ. ಪಾಠ ಮಾಡಿದ್ದಕ್ಕೆ ಮರುದಿನ ಮೈ ಏಳುವುದಿಲ್ಲ. ಒಂದು ದಿನ ಪೂರ್ತಿ ಮಲಗಿದರೆ ಅದರ ಮರುದಿನ ಪುನಃ ಆಗುತ್ತದೆ. ಜ್ವರ ಬಿಟ್ಟಾಗಿನಿಂದ ಹೀಗೇ." ಯಾವಾಗ ಬಿಗಿ ಎಂದು ಮೊದಲು ಕೇಳಬೇಕು ಎಂದ ಇಮಾಮಸಾಬರ ಮಿಷನ್ನಿನ ಸದ್ದು ಕೆಳಗಿನಿಂದ ಕೇಳಿಬರುತ್ತಿತ್ತು. ಅಂದು ಭಾನುವಾರ, ಅವರು ಹೊಲಿಗೆ ನಿಲ್ಲಿಸಿ ಮಿಷನ್ನಿಗೆ ಎಣ್ಣೆ ಬಿಡುವ ದಿನ. ಆದರೂ ನನಗೆ ಕೇಳಿಸಿತು.

ಮರುದಿನ ಆಫೀಸಿಗೆ ರಜೆ ಹಾಕಿ ಡಾಕ್ಟರ ಹತ್ತಿರ ಹೋದೆ. ಒಂದು ದಿನ ಕೆಲಸ, ಒಂದು ದಿನ ವಿಶ್ರಾಂತಿ ಸಿಕ್ಕಿದರೆ ಅತ್ತಿಗೆ ಶಾಲೆಗೆ ಹೋಗಬಲ್ಲಳು ಎಂದು, ಅವಳ ದಿಂಬಿನ ಕೆಳಗಿದ್ದ ಕಾರ್ಡುಗಳನ್ನು ತೋರಿಸಿದೆ. ಅವರು ಕೆಂಪು ಪೆನ್ಸಿಲಿನ ಮಾರ್ಕುಗಳನ್ನು ಎರಡು ಸಲ ನೋಡಿ, ಇದು ನಮ್ಮ ಎಲ್ಲ ಕಾಗದಕ್ಕಿಂತ ಚೆನ್ನಾಗಿದೆ ಎಂದು ಸರ್ಟಿಫಿಕೇಟು ಬರೆಯಲು ಕೂತರು. ರೋಗದ ಹೆಸರು ಬರೆಯುವ ಜಾಗ ಬಂದಾಗ ಪೆನ್ನು ನಿಂತಿತು. "ಸುಸ್ತು ಅಂತ ಬರೆದರೆ ಅವರು ಒಪ್ಪಲಿಕ್ಕಿಲ್ಲ. ನೀನು ಅಷ್ಟೆಲ್ಲ ಓದುತ್ತಿಯಲ್ಲ, ಒಂದು ಹೆಸರು ಹೇಳು ಮಾರಾಯ್ತಿ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ನನ್ನ ವಿದ್ಯೆ, ನನ್ನ ತತ್ವ, ನನ್ನ ಎಂ.ಎಸ್ಸಿ. ಎಲ್ಲವೂ ಒಂದೊಂದಾಗಿ ಸ್ಟೇಷನ್ ರೋಡಿನಲ್ಲಿ ದಾಟಿ ಹೋದವು. ಆಮೇಲೆ, ಯಾವ ಹೆಸರನ್ನು ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕಿದ್ದೆನೋ ಅದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಪೋಸ್ಟ್-ಫೆಬ್ರೈಲ್. ನ್ಯೂರೋಮಸ್ಕ್ಯುಲರ್. ಅಸ್ತೇನಿಯಾ. ಡಾಕ್ಟರು ಬರೆದು, ಒಂದು ಸಲ ಓದಿ, "ಸುಳ್ಳೇನೂ ಅಲ್ಲ ಅಲ್ವಾ?" ಎಂದರು. ಅಲ್ಲ ಎಂದೆ. ಅದು ಸುಳ್ಳಲ್ಲ, ಅತ್ತಿಗೆಯ ಮಾತು, ಅಷ್ಟೆ.

ಶಾಲೆಯಲ್ಲಿ ಅದು ಮಾಡಿದ ಕೆಲಸವನ್ನು ಯಾವ ಟಾನಿಕ್ಕೂ ಮಾಡಲಾರದು. ಹೆಡ್‌ಮಾಸ್ತರು ಹೆಸರನ್ನು ಓದಲು ಮೂರು ಸಲ ಹೊರಟು, ಮೂರು ಸಲವೂ ನಡುವಿನಲ್ಲಿ ನಿಂತು, ಇಷ್ಟು ದೊಡ್ಡದನ್ನು ಇಟ್ಟುಕೊಂಡು ಟೀಚರು ಒಂದು ದಿನವೂ ಗೊಣಗಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡರಂತೆ. ಆಡಳಿತ ಮಂಡಳಿ ಮರುಮಾತಿಲ್ಲದೆ ಒಪ್ಪಿ, ಸೋಮ, ಬುಧ, ಶುಕ್ರ ಕ್ಲಾಸು ಕೊಟ್ಟಿತು. ಬಿಲ್ಡಿಂಗಿನ ಮಕ್ಕಳ ಪಾಠ ನಿಂತಿತು. ಈಗ ಅತ್ತಿಗೆ ಮಾಟುಂಗ ರೋಡ್ ಸ್ಟೇಷನ್ನಿನಲ್ಲಿಳಿದು, ಸೇತುವೆಯ ಮೇಲೆ ಎರಡು ಕಡೆ ನಿಂತು, ಶಾಲೆ ಮುಟ್ಟುತ್ತಾಳೆ. ಮರುದಿನ ಮಲಗುತ್ತಾಳೆ. ಗುಣವಾಯಿತೆಂದು ನಾನು ಹೇಳಲಾರೆ. ಆದರೆ ಶೀನಮಾವ ಹುರುಳಿಯಿಂದ ಗುಣವಾಯಿತೆನ್ನುತ್ತಾರೆ, ಅಮ್ಮ ತಾನು ಕುದಿಸಿದ್ದರಿಂದ ಎನ್ನುತ್ತಾಳೆ, ಅಣ್ಣ ಮತ್ತೆ ಒರಗಿಕೊಂಡು ಮನಸ್ಸು ಎನ್ನುತ್ತಾನೆ. ಬಿಲ್ಡಿಂಗಿನ ಮೂವರು ಹೆಂಗಸರು ತಮಗೂ ಅದೇ ಉದ್ದ ಹೆಸರಿನದು ಇದೆಯೆಂದು ನನ್ನ ಹತ್ತಿರ ಬಂದಿದ್ದಾರೆ. ನಾನು ಅವರನ್ನು ಕೂರಿಸಿ, ಯಾವಾಗ, ಎಲ್ಲಿ, ಎಷ್ಟು ಎಂದು ಕೇಳುತ್ತೇನೆ. ಮಂಗಳವಾರ ಸಂಜೆ ಅತ್ತಿಗೆಯ ಪಕ್ಕ ಕೂತು ಅವಳನ್ನೂ ಕೇಳುತ್ತೇನೆ. ಇದರಲ್ಲಿ ಸಂಶೋಧನೆ ಏನೂ ಇಲ್ಲ.

ಇನ್ನು ಆ ಬಾಟಲಿಗಳ ಕತೆ. ಉಳಿದದ್ದನ್ನು ಚೆಲ್ಲಲು ಅಮ್ಮ ಒಪ್ಪಲಿಲ್ಲ. ಅರ್ಧ ಟಾನಿಕ್ಕು, ಅರ್ಧ ಬೆಲ್ಲ, ಎರಡೂ ಸುಳ್ಳೆಂದು ಚೆನ್ನಾಗಿ ಬಲ್ಲ ನಾನೇ ಬೆಳಿಗ್ಗೆ ಹೊರಡುವ ಮುಂಚೆ ಒಂದು ಚಮಚ ಕುಡಿದು ಖಾಲಿ ಮಾಡುತ್ತಿದ್ದೇನೆ. ನಂಬಿಕೆಯಿಂದಲ್ಲ, ಬಾಟಲಿ ತೊಳೆದಿಡಬೇಕಲ್ಲ ಎಂದು. ಆದರೆ ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಡಲಾರೆ. ಕುಡಿಯಲು ಶುರುಮಾಡಿದ ಮೇಲೆ ಪಾರ್ಲೆಯಿಂದ ಅಂಧೇರಿಗೆ ಹೋಗುವ ಗಾಡಿಯಲ್ಲಿ ನನಗೆ ಹನ್ನೊಂದು ದಿನದಲ್ಲಿ ಒಂಬತ್ತು ದಿನ ಕೂರಲು ಜಾಗ ಸಿಕ್ಕಿದೆ. ಪಾರ್ಲೆಯಿಂದ ಅಂಧೇರಿ ಒಂದೇ ಸ್ಟೇಷನ್ನು, ಕೂರುವ ಅಗತ್ಯವೇ ಇಲ್ಲ. ಆದರೂ ಕೂತು, ಕೈಚೀಲದಿಂದ ಒಂದು ಕಾರ್ಡು ತೆಗೆದು, ಗುರುತು ಹಾಕಿಕೊಳ್ಳುತ್ತಿದ್ದೇನೆ. ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕು. ಬಾಟಲಿಯಲ್ಲಿ ಇನ್ನು ನಾಲ್ಕೇ ಚಮಚ ಉಳಿದಿದೆ, ನನಗೆ ನಿಜವಾಗಿಯೂ ಭಯವಾಗತೊಡಗಿದೆ.